ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಸುರಕ್ಷತಾಧಿಕಾರಿಯ ಉದ್ಯೋಗ



ದತ್ತಿ ಉಪನ್ಯಾಸ ಎಂದರೆ ನಮ್ಮ ಊರಿನಲ್ಲಿ ವಚನ ಸಾಹಿತ್ಯವೋ ಕೆಳದಿಯ ಇತಿಹಾಸವೋ ಇರುತ್ತದೆಂದು ನಂಬಿ ಬಂದವರು ಸಭೆಯಲ್ಲಿ ಕೆಲವರಾದರೂ ಇದ್ದೀರಿ. ಈ ಸಲದ ವಿಷಯ ಹೊಟ್ಟೆಪಾಡಿನದು. ಕೆಲಸದ ಜಾಗದಲ್ಲಿ ಜನರ ಕೈಕಾಲು, ಕಿವಿ, ಶ್ವಾಸಕೋಶಗಳನ್ನು ಕಾಯುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಉದ್ಯೋಗ ಇದೆಯೇ, ಇದ್ದರೆ ಯಾವ ಗೇಟಿನೊಳಗೆ ಇದೆ, ಅದಕ್ಕೆ ಏನು ಓದಬೇಕು, ಸಂಬಳ ಕೊಡುವವರು ಯಾರು? ಸುರಕ್ಷತಾ ವಿಭಾಗದಲ್ಲಿ ದುಡಿದು ನಿವೃತ್ತನಾದ ನನ್ನನ್ನು ಮಕ್ಕಳ ತಂದೆತಾಯಿಗಳು ಮದುವೆ ಮನೆಗಳಲ್ಲೂ ಹಿಡಿದು ಕೇಳುವ ಪ್ರಶ್ನೆ ಇದು. ಅಲ್ಲಿ ಊಟದ ಪಂಕ್ತಿ ಕರೆಯುವುದರೊಳಗೆ ಉತ್ತರ ಮುಗಿಸಬೇಕಾಗುತ್ತದೆ; ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಹುದು.

ಮೊದಲು ಈ ಹುದ್ದೆ ನಮ್ಮ ಭಾಗದಲ್ಲಿ ಹೇಗೆ ಬಂತು, ಕಾನೂನು ಅದಕ್ಕೆ ಯಾವ ನೆಲೆ ಕೊಟ್ಟಿದೆ ಎಂಬುದನ್ನು ನೋಡೋಣ. ಆಮೇಲೆ ಅಪಾಯ ನಿಜವಾಗಿ ಎಲ್ಲಿದೆ ಎಂಬುದಕ್ಕೆ ಬರುತ್ತೇನೆ. ಹೆಚ್ಚು ಹೊತ್ತು ಅಲ್ಲೇ ನಿಲ್ಲುವವನಿದ್ದೇನೆ. ಕೊನೆಗೆ ಓದು, ಅರ್ಹತೆ, ಕೆಲಸ ಹುಡುಕುವ ದಾರಿ. ನನ್ನ ಅಭಿಪ್ರಾಯವನ್ನು ಮುಂಚಿತವಾಗಿಯೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಆದರೆ ಅದರ ಬಹುಪಾಲು ಕಾನೂನು ಹುದ್ದೆ ಕಡ್ಡಾಯ ಮಾಡಿರುವ ಕಡೆ ಇಲ್ಲ.

ಭದ್ರಾವತಿಯಿಂದಲೇ ಶುರುಮಾಡುತ್ತೇನೆ. ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನಿಂದ ಬಂದ ಇದ್ದಿಲು, ಇವೆಲ್ಲ ನಿಮಗೆ ಗೊತ್ತಿರುವ ಕಥೆ. ಅಷ್ಟಾಗಿ ಯಾರೂ ಗಮನಿಸದ ಸಂಗತಿಯೊಂದಿದೆ. ಅದೇ 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಎರಡು ಕಾಯ್ದೆಗಳು ಬಂದವು. ಒಂದು ಬಾಯ್ಲರುಗಳ ಕಾಯ್ದೆ, ಇನ್ನೊಂದು ಕೆಲಸದಲ್ಲಿ ಗಾಯಗೊಂಡವರಿಗೂ ಸತ್ತವರ ಮನೆಯವರಿಗೂ ಪರಿಹಾರ ಕೊಡಿಸುವ ಕಾಯ್ದೆ. ಮೈಸೂರು ಸಂಸ್ಥಾನ ಆಗ ಬೇರೆಯೇ ಆಡಳಿತ. ಆದರೂ ಕಾಲ ಒಂದೇ. ದೊಡ್ಡ ಯಂತ್ರ ಬಂದ ಹೊತ್ತಿಗೇ ಅದರ ಗಾಯದ ಲೆಕ್ಕವನ್ನು ಯಾರು ಹೊರಬೇಕೆಂಬ ಚರ್ಚೆಯೂ ಬಂದಿತ್ತು.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡು ಗೇಟುಗಳ ಸುತ್ತ ನ್ಯೂಟೌನು, ಪೇಪರ್‌ಟೌನು ಬೆಳೆದವು. ಕಾರ್ಖಾನೆಯದೇ ಆಸ್ಪತ್ರೆ, ಕಾರ್ಖಾನೆಯದೇ ಅಗ್ನಿಶಾಮಕ ದಳ, ಕಾರ್ಖಾನೆಯದೇ ತರಬೇತಿ. ಹದಿನೆಂಟರ ಹುಡುಗನಾಗಿ ಅಪ್ರೆಂಟಿಸ್ ಸೇರಿದವನಿಗೆ ಮೊದಲ ವಾರ ಹಿರಿಯ ಫೋರ್‌ಮನ್ ಹೇಳಿಕೊಡುತ್ತಿದ್ದುದು ಕೆಲಸವನ್ನಲ್ಲ, ಎಲ್ಲಿ ನಿಲ್ಲಬಾರದು ಎಂಬುದನ್ನು. ಕ್ರೇನಿನ ಕೊಕ್ಕೆಯ ಕೆಳಗೆ ನಿಲ್ಲಬೇಡ, ಗ್ಯಾಸ್ ಲೈನಿನ ಹತ್ತಿರ ಒಬ್ಬನೇ ಹೋಗಬೇಡ, ಮಳೆ ಬಂದ ದಿನ ಸ್ಲ್ಯಾಗ್ ಹಳ್ಳದ ಕಡೆ ಹೋಗಲೇಬೇಡ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಊರಿನ ಬುದ್ಧಿಯಾಗಿತ್ತು.

ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಆ ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿಐಎಸ್‌ಎಲ್ ಅನ್ನು, ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ ಹೊರಬಿತ್ತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಮಾರಾಟದ ಪ್ರಸ್ತಾಪವನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ಕಾರ್ಖಾನೆಯ ಭವಿಷ್ಯದ ಬಗ್ಗೆ ಮಾತಾಡಲು ನನಗಿಂತ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಹೇಳಬೇಕಾದ್ದು ಇಷ್ಟೇ: ದೊಡ್ಡ ಕಾರ್ಖಾನೆ ಕುಗ್ಗಿದಾಗ ಸಂಬಳದ ಜೊತೆಗೆ ಆ ಫೋರ್‌ಮನ್ನನ ಪಾಠವೂ ಊರಿನಿಂದ ಹೊರಟುಹೋಗುತ್ತದೆ. ಈಗ ಅದೇ ಮನೆಯ ಮೊಮ್ಮಗ ಮಾಚೇನಹಳ್ಳಿಯಲ್ಲೋ ಸಾಗರ ರಸ್ತೆಯಲ್ಲೋ ಇರುವ ನಲವತ್ತು ಮಂದಿಯ ಘಟಕಕ್ಕೆ ಗುತ್ತಿಗೆಯ ಮೇಲೆ ಸೇರುತ್ತಾನೆ. ಅಲ್ಲಿ ಮೊದಲ ದಿನವೇ ಯಂತ್ರದ ಮುಂದೆ ನಿಲ್ಲಿಸುತ್ತಾರೆ.

ಇನ್ನು ಕಾನೂನಿಗೆ ಬರೋಣ. ಬೇಗ ಮುಗಿಸುತ್ತೇನೆ, ಆದರೆ ಸಂಖ್ಯೆಗಳನ್ನು ಕೇಳಿಸಿಕೊಳ್ಳಿ, ನಿಮ್ಮ ನೌಕರಿ ಅವುಗಳ ಮೇಲೆ ನಿಂತಿದೆ. 1948ರ ಕಾರ್ಖಾನೆಗಳ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ 40-ಬಿ ಎಂಬ ಕಲಂ ಸೇರಿತು. ಸಾಮಾನ್ಯವಾಗಿ 1,000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸುರಕ್ಷತಾಧಿಕಾರಿಯನ್ನು ನೇಮಿಸಬೇಕಿತ್ತು. ಅಪಾಯದ ಪ್ರಕ್ರಿಯೆಗಳಿರುವ ಕಡೆ ಸರ್ಕಾರ ಹೇಳಿದರೆ ಅದಕ್ಕಿಂತ ಕಡಿಮೆ ಜನರಿದ್ದರೂ ನೇಮಿಸಬೇಕಿತ್ತು. ಗುತ್ತಿಗೆಯವರೂ ಈ ಲೆಕ್ಕಕ್ಕೆ ಸೇರುತ್ತಿದ್ದರು. 1984ರಲ್ಲಿ ಭೋಪಾಲ್ ಅನಿಲ ದುರಂತ ಆಯಿತು. ಅದರ ಫಲವಾಗಿ 1987ರಲ್ಲಿ ಅಪಾಯಕಾರಿ ಪ್ರಕ್ರಿಯೆಗಳ ಇಡೀ ಅಧ್ಯಾಯವೊಂದು ಕಾಯ್ದೆಯೊಳಗೆ ಬಂತು. ಕಾರ್ಮಿಕರೂ ಆಡಳಿತದವರೂ ಒಟ್ಟಿಗೆ ಕೂರುವ ಸುರಕ್ಷತಾ ಸಮಿತಿ, ಆರೋಗ್ಯ ತಪಾಸಣೆ, ತುರ್ತು ಯೋಜನೆ ಎಲ್ಲವೂ ಅದರ ಮಕ್ಕಳು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಈ ಮಿತಿ 500 ಆಗಿತ್ತು.

2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಮಿತಿಗಳನ್ನು ಇಳಿಸಿದೆ. ಕಾರ್ಖಾನೆಗೆ 500, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗೆ 250, ಕಟ್ಟಡ ಕಾಮಗಾರಿಗೆ 250, ಗಣಿಗೆ 100. ಕಾಗದದ ಮೇಲೆ ಹುದ್ದೆಗಳು ಹೆಚ್ಚಬೇಕು, ಹೆಚ್ಚುತ್ತವೆ ಕೂಡ. ಆದರೆ ಅದೇ ಸಂಹಿತೆ ಕಾರ್ಖಾನೆ ಎಂಬುದರ ಅಳತೆಯನ್ನೂ ಬದಲಿಸಿದೆ. ವಿದ್ಯುತ್ ಬಳಸುವ ಘಟಕದಲ್ಲಿ 10 ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದದ್ದು ಈಗ 20ಕ್ಕೆ ಏರಿದೆ; ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಎಷ್ಟು ವರ್ಕ್‌ಶಾಪುಗಳಲ್ಲಿ ಇಪ್ಪತ್ತು ಜನರಿದ್ದಾರೆ? ಹತ್ತು ಮಂದಿ ಇರುವ ಸಂಸ್ಥೆಗೂ ಮಾಲೀಕನ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ, ನಿಜ. ಕಾರ್ಖಾನೆಯ ಬಿಗಿ ಮಾತ್ರ ಅಲ್ಲಿರುವುದಿಲ್ಲ.

ಹೀಗಾಗಿ ಕಾನೂನಿನ ಬಲದಿಂದ ಹುಟ್ಟುವ ಹುದ್ದೆಗಳು ನಮ್ಮಲ್ಲಿ ಎಣಿಕೆಗೆ ಸಿಗುವಷ್ಟೇ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಸಿದ್ಧ ಉಡುಪಿನ ಕಾರ್ಖಾನೆ ಇದೆ, ಕೆಲವು ದೊಡ್ಡ ಎರಕದ ಘಟಕಗಳಿವೆ, ವಿದ್ಯುತ್ ನಿಗಮದ ಸ್ಥಾವರಗಳಿವೆ. ಉಡುಪಿನ ಕಾರ್ಖಾನೆಯಲ್ಲಿ ಸೇಫ್ಟಿ ಎಂದರೆ ಸೂಜಿ ಗಾರ್ಡ್ ಮಾತ್ರವಲ್ಲ. ಬೆಂಕಿ ಬಿದ್ದರೆ ಸಾವಿರ ಜನ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಇಸ್ತ್ರಿ ವಿಭಾಗದ ಸೆಕೆ, ದಿನವಿಡೀ ಒಂದೇ ಭಂಗಿಯಲ್ಲಿ ಕೂತ ಬೆನ್ನು, ಗರ್ಭಿಣಿಯರ ಕೆಲಸ, ರಾತ್ರಿ ಪಾಳಿಯಿಂದ ಮನೆ ತಲುಪಿಸುವ ಬಸ್ಸು. ಇಲ್ಲಿ ಮಹಿಳಾ ಅಧಿಕಾರಿಗಳೇ ಹೆಚ್ಚು ಬೇಕು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗಿಯರು ಈ ಕಡೆ ಯಾಕೋ ತಲೆಹಾಕುವುದಿಲ್ಲ.

ಈಗ ಅಪಾಯ ಎಲ್ಲಿದೆ ಎಂಬ ಭಾಗಕ್ಕೆ ಬರುತ್ತೇನೆ. ಮೊದಲು ಫೌಂಡ್ರಿ. ಭದ್ರಾವತಿಯ ಕಬ್ಬಿಣದ ವಿದ್ಯೆ ಶಿವಮೊಗ್ಗಕ್ಕೆ ಹರಿದು ಎರಕದ ಘಟಕಗಳಾದವು. ವಾಹನಗಳ ಬಿಡಿಭಾಗ, ಪಂಪಿನ ಕವಚ, ಲೈನರ್ ಮುಂತಾದವನ್ನು ಎರೆಯುವ ದೊಡ್ಡವೂ ಸಣ್ಣವೂ ಇಲ್ಲಿವೆ. ನಾನು ಒಂದು ಸಣ್ಣ ಫೌಂಡ್ರಿಗೆ ಹೋದಾಗ ಕಂಡದ್ದನ್ನು ಹಾಗೇ ಹೇಳುತ್ತೇನೆ.

ಆರಿದ್ರಾ ಮಳೆ ಹಿಡಿದಿತ್ತು. ಗುಜರಿ ರಾಶಿ ಅಂಗಳದಲ್ಲಿ, ಮೇಲೆ ಹರಿದ ಟಾರ್ಪಾಲು. ಇಂಡಕ್ಷನ್ ಫರ್ನೇಸಿನಲ್ಲಿ ಅರ್ಧ ಕರಗಿದ ಕಬ್ಬಿಣ, ಶಾಖ ಸುಮಾರು 1,400 ಡಿಗ್ರಿ. ಇಬ್ಬರು ಹುಡುಗರು ರಾಶಿಯಿಂದ ತುಂಡುಗಳನ್ನು ಎತ್ತಿ ಎತ್ತಿ ಒಳಗೆ ಹಾಕುತ್ತಿದ್ದರು. ಒಬ್ಬನ ಕೈಯಲ್ಲಿ ಹಳೆಯ ಬೈಕಿನ ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ, ಎರಡೂ ತುದಿ ಮುಚ್ಚಿದ ಕೊಳವೆ. ಅದು ಕರಗಿದ ಲೋಹಕ್ಕೆ ಬಿದ್ದರೆ ಏನಾಗುತ್ತದೆಂದು ವಿವರಿಸುತ್ತೇನೆ. ಒಳಗಿನ ದ್ರವ ಒಮ್ಮೆಲೇ ಆವಿಯಾಗುತ್ತದೆ. ನೀರೇ ಆದರೆ ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿ ಇಲ್ಲದ ಆವಿ ಕೊಳವೆಯನ್ನು ಸೀಳಿ, ಮೇಲಿರುವ ಕಬ್ಬಿಣವನ್ನು ಮಾಡಿನ ತನಕ ಚಿಮ್ಮಿಸುತ್ತದೆ. ಒದ್ದೆ ಗುಜರಿಯೂ ಅಷ್ಟೇ, ಸರಿಯಾಗಿ ಕಾಯಿಸದ ಲ್ಯಾಡಲ್ ಕೂಡ ಅಷ್ಟೇ. ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ. ಕೆಲಸ ನಿಲ್ಲಿಸಲು ಹೇಳಿದೆ, ನಿಲ್ಲಿಸಿದರು. ಮಾಲೀಕರು ಒಳ್ಳೆಯವರೇ, ನನ್ನನ್ನು ಕೂರಿಸಿ ಕಾಫಿ ಕೊಟ್ಟು ಹೇಳಿದರು: "ಸಾರ್, ಬೂಟು ಕೊಡಿಸಿದ್ದೀನಿ, ಹಾಕ್ಕೊಳ್ಳಲ್ಲ." ಬೂಟು ಬೀರುವಿನಲ್ಲಿತ್ತು, ಎಲ್ಲವೂ ಒಂದೇ ಅಳತೆಯದು.

ಅಲ್ಲಿ ಬೇಕಾಗಿದ್ದದ್ದು ಏನು? ಗುಜರಿಗೆ ಒಂದು ತಗಡಿನ ಮಾಡು. ಗುಜರಿ ಬೇರ್ಪಡಿಸಲು, ಮುಚ್ಚಿದ ಕೊಳವೆಗಳನ್ನು ಕತ್ತರಿಸಿ ಹಾಕಲು ಒಬ್ಬ ಆಳು. ಲ್ಯಾಡಲ್ ಕಾಯಿಸಲು ಬರ್ನರ್. ಪ್ರತಿಯೊಬ್ಬನ ಕಾಲಳತೆ ಬರೆದಿಟ್ಟ ಒಂದು ಹಾಳೆ. ಇದನ್ನು ಹೇಳಲು ಐಐಟಿ ಬೇಕಿಲ್ಲ, ಆದರೆ ಹೇಳಲು ಯಾರಾದರೂ ಇರಬೇಕು, ಹೇಳಿದ್ದು ಆಗಿದೆಯೇ ಎಂದು ಮುಂದಿನ ವಾರ ಬಂದು ನೋಡಬೇಕು. ನಲವತ್ತು ಜನರ ಆ ಘಟಕಕ್ಕೆ ಸುರಕ್ಷತಾಧಿಕಾರಿ ಬೇಕೆಂದು ಹಳೆಯ ಕಾಯ್ದೆಯೂ ಹೇಳಲಿಲ್ಲ, ಹೊಸ ಸಂಹಿತೆಯೂ ಹೇಳುವುದಿಲ್ಲ.

ಫೌಂಡ್ರಿಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ, ಇದು ಆರೋಗ್ಯದ್ದು. ಸಿಡಿದದ್ದು ಎಲ್ಲರಿಗೂ ಕಾಣುತ್ತದೆ, ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಮೌಲ್ಡಿನ ಮರಳು ಒಡೆದು ಎರಕ ಬಿಡಿಸುವ ಶೇಕ್‌ಔಟಿನಲ್ಲಿ, ಎರಕದ ಅಂಚು ಉಜ್ಜುವ ಫೆಟ್ಲಿಂಗಿನಲ್ಲಿ ಏಳುವ ಸಿಲಿಕಾ ಧೂಳಿನ ಅತ್ಯಂತ ನವುರಾದ ಭಾಗ ಕಣ್ಣಿಗೆ ಕಾಣುವುದೇ ಇಲ್ಲ. ಅದು ಶ್ವಾಸಕೋಶದ ತಳಕ್ಕೆ ಹೋಗಿ ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗಿ ಉಸಿರು ಸಣ್ಣದಾಗುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದ. ತೊಂಬತ್ತು ವರ್ಷಗಳಾದರೂ ನಮ್ಮ ಕಡೆಯ ಕೆಮ್ಮುವ ಫೌಂಡ್ರಿ ಕಾರ್ಮಿಕನಿಗೆ ಮೊದಲು ಸಿಗುವುದು ಕ್ಷಯದ ಗುಳಿಗೆ. ಎಕ್ಸ್‌ರೇಯಲ್ಲಿ ಎರಡೂ ಹೋಲುತ್ತವೆ, ಕೆಲವರಿಗೆ ಎರಡೂ ಇರುತ್ತವೆ. ಏನು ಕೆಲಸ ಮಾಡುತ್ತೀ, ಎಷ್ಟು ವರ್ಷದಿಂದ ಮಾಡುತ್ತೀ ಎಂದು ವೈದ್ಯರು ಕೇಳದಿದ್ದರೆ ಅದು ಹಾಗೇ ಮುಚ್ಚಿಹೋಗುತ್ತದೆ. ಸಿಲಿಕೋಸಿಸ್ ಕಂಡ ವೈದ್ಯರು ಮುಖ್ಯ ನಿರೀಕ್ಷಕರಿಗೆ ತಿಳಿಸಲೇಬೇಕೆಂದು ಕಾರ್ಖಾನೆಗಳ ಕಾಯ್ದೆಯ 89ನೇ ಕಲಂ ಹೇಳಿತ್ತು. ನಮ್ಮ ಜಿಲ್ಲೆಯ ವೈದ್ಯ ವಿದ್ಯಾರ್ಥಿಗಳು ಇಲ್ಲಿದ್ದರೆ ಅವರಿಗಾಗಿ ಹೇಳುತ್ತೇನೆ: ಎಂಬಿಬಿಎಸ್ ಆದ ಮೇಲೆ ಮೂರು ತಿಂಗಳ ಕೈಗಾರಿಕಾ ಆರೋಗ್ಯದ ಎಎಫ್‌ಐಎಚ್ ಕೋರ್ಸು ಇದೆ. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿದೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಇದೆ. ಅದನ್ನು ಮಾಡಿದವರಿಗೆ ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳಲ್ಲಿ ವೈದ್ಯಾಧಿಕಾರಿಯ ಕೆಲಸ ಹುಡುಕುವುದು ಕಷ್ಟವಾಗದು.

ಎರಡನೆಯದು ಅಕ್ಕಿ ಗಿರಣಿ. ಭದ್ರಾ ಅಚ್ಚುಕಟ್ಟಿನ ಭತ್ತ, ಕುಚ್ಚಲಕ್ಕಿಗೆ ಬೇಕಾದ ಹಬೆ, ಹೊಟ್ಟು ಉರಿಸುವ ಬಾಯ್ಲರು. 2024ರ ಡಿಸೆಂಬರಿನಲ್ಲಿ ಭದ್ರಾವತಿಯ ಗಿರಣಿಯೊಂದರ ಬಾಯ್ಲರ್ ಸಿಡಿದು ಕಾರ್ಮಿಕರೊಬ್ಬರು ತೀರಿಕೊಂಡರು, ಹಲವರು ಗಾಯಗೊಂಡರು. ಆ ಪ್ರಕರಣದ ಕಾರಣಗಳನ್ನು ಹೇಳುವುದು ತನಿಖೆ ಮಾಡಿದವರ ಕೆಲಸ, ನನ್ನದಲ್ಲ. ಬಾಯ್ಲರುಗಳ ಬಗ್ಗೆ ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು. ನೀರು ಕೆಳಗಿಳಿದಿರುವುದು ಗೇಜ್ ಗಾಜಿನಲ್ಲಿ ಕಾಣಬೇಕು, ಒತ್ತಡ ಮೀರಿದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆಯಬೇಕು, ಈ ಎರಡನ್ನೂ ಪ್ರತಿ ಪಾಳಿಯಲ್ಲಿ ಪರೀಕ್ಷಿಸುವ ಪ್ರಮಾಣಪತ್ರ ಹೊಂದಿದ ಅಟೆಂಡೆಂಟ್ ಇರಬೇಕು. ಸುಗ್ಗಿಯ ಹೊತ್ತಿನಲ್ಲಿ ಹಗಲು ರಾತ್ರಿ ಗಿರಣಿ ಓಡುವಾಗ ಅಟೆಂಡೆಂಟ್ ಒಬ್ಬನೇ ಇದ್ದು, ಅವನು ಮಲಗಿದಾಗ ಹೊಟ್ಟು ತುಂಬುವ ಆಳೇ ವಾಲ್ವ್ ನೋಡಿಕೊಳ್ಳುವ ಪರಿಪಾಠ ಬೆಳೆದಿರುತ್ತದೆ. ನೂರು ವರ್ಷ ಬಾಳಿದ ಆ 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಎಸ್‌ಎಸ್‌ಎಲ್‌ಸಿ, ಐಟಿಐ ಆದ ಹುಡುಗರು ಈ ಬಾಯ್ಲರ್ ಪ್ರಮಾಣಪತ್ರದ ಕಡೆ ನೋಡಬೇಕು ಎಂದು ನಾನು ಎಲ್ಲ ಕಡೆ ಹೇಳುತ್ತೇನೆ. ಸುರಕ್ಷತಾ ವೃತ್ತಿಯೊಳಗೆ ಡಿಗ್ರಿ ಇಲ್ಲದೆ ಕಾಲಿಡಬಹುದಾದ ಗಟ್ಟಿ ಮೆಟ್ಟಿಲು ಅದು.

ಮೂರನೆಯದು ಕಲ್ಲು ಕ್ವಾರಿ. 2021ರ ಜನವರಿ 21ರ ರಾತ್ರಿ ನೀವೆಲ್ಲ ಎಲ್ಲಿದ್ದಿರಿ ಎಂದು ನಾನು ಕೇಳಬೇಕಾಗಿಲ್ಲ. ಭೂಕಂಪ ಎಂದು ಶಿವಮೊಗ್ಗದ ಜನ ಬೀದಿಗೆ ಬಂದರು, ಪಕ್ಕದ ಜಿಲ್ಲೆಗಳ ತನಕ ಸದ್ದು ಕೇಳಿಸಿತು. ಹುಣಸೋಡಿನ ಕ್ರಷರ್ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು. ಸತ್ತವರ ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಒಂದು ತಿಂಗಳು ಕಳೆಯುತ್ತಿದ್ದಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಆಮೇಲೆ ದಾಳಿ, ಅಮಾನತು, ವಿಧಾನಸಭೆಯಲ್ಲಿ ಗದ್ದಲ. ಸ್ಫೋಟಕ ಸಾಗಿಸುವ ವಾಹನ ಹೇಗಿರಬೇಕು, ಡಿಟೊನೇಟರನ್ನೂ ಜಿಲೆಟಿನ್ನನ್ನೂ ಯಾಕೆ ಬೇರೆಬೇರೆ ಇಡಬೇಕು, ಕುಳಿ ತುಂಬುವವನಿಗೆ ಯಾವ ಪರವಾನಗಿ ಇರಬೇಕು ಎಂಬ ನಿಯಮಗಳೆಲ್ಲ ಆಗಲೂ ಇದ್ದವು. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ ಕೊಡುವ ಬ್ಲಾಸ್ಟರ್, ಮೇಟ್, ಫೋರ್‌ಮನ್ ಪ್ರಮಾಣಪತ್ರಗಳಿಗೆ ಬೇಡಿಕೆ ಇದೆ. ಕ್ವಾರಿ ಕಾನೂನುಬದ್ಧವಾಗಿದ್ದರೆ ಮಾತ್ರ ಆ ಬೇಡಿಕೆ ಹುದ್ದೆಯಾಗುತ್ತದೆ. ಲೆಕ್ಕಕ್ಕೇ ಸೇರದ ಕ್ವಾರಿಗೆ ಪ್ರಮಾಣಪತ್ರ ಇರುವ ಬ್ಲಾಸ್ಟರ್ ಯಾಕೆ ಬೇಕು?

ನಾಲ್ಕನೆಯದನ್ನು ಸೇಫ್ಟಿಯವರು ತಮ್ಮದೆಂದು ತಿಳಿಯುವುದೇ ಇಲ್ಲ. ತೋಟ ಮತ್ತು ಕಾಡು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಡಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಜಾರಿ ಬೀಳುವುದು, ಲೋಹದ ದೋಟಿ ವಿದ್ಯುತ್ ತಂತಿಗೆ ತಾಗುವುದು ನಮಗೆ ಹೊಸ ಸುದ್ದಿಯಲ್ಲ. ಅವನಿಗೆ ಕಾರ್ಖಾನೆ ಕಾನೂನು ಅನ್ವಯಿಸುವುದಿಲ್ಲ. ಇನ್ನು ಕಾಡಿನ ಅಪಾಯ: ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಅದು ದರಗು ಗುಡಿಸಲು, ಸೌದೆ ತರಲು, ಕಾಡಿನ ಕೂಲಿಗೆ ಹೋಗುವವರನ್ನೇ ಹೆಚ್ಚು ಹಿಡಿಯುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹರಡಿ ಜನ ಸತ್ತದ್ದು ನಿಮಗೆ ನೆನಪಿದೆ. ನನ್ನ ಪ್ರಕಾರ ಅದು ಕೆಲಸದಿಂದ ಬರುವ ರೋಗವೇ. ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚುತ್ತದೆ. ಕೂಲಿಗೆ ಕರೆದೊಯ್ಯುವ ಗುತ್ತಿಗೆದಾರ ಅದನ್ನು ಹಚ್ಚಿಸಿಯೇ ಕಾಡಿಗೆ ಕಳಿಸುತ್ತಾನೆಯೇ, ಸಂಜೆ ಬಟ್ಟೆ ಬದಲಿಸಿ ಮೈ ತೊಳೆಯಲು ಬಿಸಿನೀರಿನ ವ್ಯವಸ್ಥೆ ಇದೆಯೇ ಎಂದು ನೋಡುವವರು ಯಾರೂ ಇಲ್ಲ. ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆ, ಅಡಕೆ ಬೆಳೆಗಾರರ ಸಹಕಾರ ಸಂಘಗಳು ಮನಸ್ಸು ಮಾಡಿದರೆ ಇಲ್ಲಿ ಹುದ್ದೆಗಳು ಹುಟ್ಟಬಹುದು. ಮನಸ್ಸು ಮಾಡಿದ್ದು ನಾನಂತೂ ಕಂಡಿಲ್ಲ.

ಕಾಮಗಾರಿಗಳ ಬಗ್ಗೆ ಚಿಕ್ಕದಾಗಿ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ. ಶಿಕಾರಿಪುರದ ಕಡೆ ರೈಲು ದಾರಿ ಸಾಗುತ್ತಿದೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ನಾಡಿನಲ್ಲಿ ವಿವಾದವಿದೆ, ಅದರ ಪರ ವಿರೋಧ ಇಲ್ಲಿ ಬೇಡ. ಇಂಥ ಎಲ್ಲ ಕಡೆ ಗುತ್ತಿಗೆ ಕಂಪನಿಗಳು ಸೇಫ್ಟಿ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಕಾಮಗಾರಿ ಮುಗಿದ ದಿನ ಕೆಲಸವೂ ಮುಗಿಯುತ್ತದೆ, ಮುಂದಿನ ಸೈಟು ಒಡಿಶಾದಲ್ಲಿರಬಹುದು. ಮದುವೆಗೆ ಮುಂಚಿನ ನಾಲ್ಕೈದು ವರ್ಷ ಇದನ್ನು ಮಾಡಿದವರು ಒಳ್ಳೆಯ ಅಧಿಕಾರಿಗಳಾಗಿರುವುದನ್ನು ಕಂಡಿದ್ದೇನೆ. ತೋರಣಗಲ್ಲಿನ ಉಕ್ಕು, ಮಂಗಳೂರಿನ ತೈಲ ಮತ್ತು ಗೊಬ್ಬರ ಕಾರ್ಖಾನೆಗಳಿಗೆ ನಮ್ಮ ಹುಡುಗರು ಹೋಗುವುದೂ ಹೀಗೆಯೇ, ಅಲ್ಲಿಂದ ಕೊಲ್ಲಿ ದೇಶಗಳಿಗೆ.

ಇಲ್ಲಿಂದ ಓದಿನ ವಿಷಯಕ್ಕೆ ತಿರುಗುತ್ತೇನೆ. ತಂದೆತಾಯಿಗಳು ಸ್ವಲ್ಪ ಹತ್ತಿರ ಸರಿದು ಕೂತರೆ ಒಳ್ಳೆಯದು, ಏಕೆಂದರೆ ಹಣ ಕಳೆದುಕೊಳ್ಳುವುದು ಇಲ್ಲೇ. ಮಾದರಿ ನಿಯಮಗಳ ಪ್ರಕಾರ ಸುರಕ್ಷತಾಧಿಕಾರಿಗೆ ಇಂಜಿನಿಯರಿಂಗ್ ಪದವಿ ಮತ್ತು ಕಾರ್ಖಾನೆಯ ಮೇಲ್ವಿಚಾರಣೆಯಲ್ಲಿ ಎರಡು ವರ್ಷದ ಅನುಭವ ಬೇಕು; ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಪದವೀಧರರಿಗೂ ಡಿಪ್ಲೊಮಾ ಆದವರಿಗೂ ಐದು ವರ್ಷದ ಅನುಭವ ಬೇಕು. ಇದರ ಮೇಲೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈ ಮೊದಲಾದ ಪ್ರಾದೇಶಿಕ ಸಂಸ್ಥೆಗಳು ನಡೆಸುವ ಒಂದು ವರ್ಷದ ಅಡ್ವಾನ್ಸ್ಡ್ ಡಿಪ್ಲೊಮಾಗೆ ಈ ವೃತ್ತಿಯಲ್ಲಿ ಬೆಲೆ ಇದೆ. ಪಿಯುಸಿ ಆದ ಹುಡುಗನಿಗೆ ಆರು ತಿಂಗಳಲ್ಲಿ 'ಫೈರ್ ಅಂಡ್ ಸೇಫ್ಟಿ' ಕಲಿಸಿ ಅಧಿಕಾರಿ ಮಾಡುತ್ತೇವೆ ಎಂಬ ಫ್ಲೆಕ್ಸ್ ಬೋರ್ಡು ಬಸ್ ಸ್ಟ್ಯಾಂಡಿನ ಎದುರು ಕಂಡರೆ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ. ಈ ಕೋರ್ಸಿಗೆ ಕರ್ನಾಟಕದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಮಾನ್ಯತೆ ಇದೆಯೇ, ಪತ್ರ ತೋರಿಸಿ. ಕೊಲ್ಲಿಗೆ ಹೋಗುವವರು ಮಾಡುವ ನೆಬೋಷ್ ಬೇರೆಯೇ, ಅದು ಬ್ರಿಟನ್ನಿನದು. ಅಲ್ಲಿ ನಡೆಯುತ್ತದೆ, ಇಲ್ಲಿನ ಕಾನೂನುಬದ್ಧ ಹುದ್ದೆಗೆ ಅದೊಂದೇ ಸಾಲದು.

ಅದೇ ನಿಯಮಗಳಲ್ಲಿ ಇನ್ನೊಂದು ಅರ್ಹತೆ ಇದೆ, ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಆ ಪ್ರದೇಶದ ಹೆಚ್ಚಿನ ಕಾರ್ಮಿಕರ ಭಾಷೆ ಅಧಿಕಾರಿಗೆ ಚೆನ್ನಾಗಿ ಗೊತ್ತಿರಬೇಕು. ಕನ್ನಡದ ಹುಡುಗರು ಕೇಳಿ ಪಡೆಯಬಹುದಾದ ಹಕ್ಕು ಇದು. ಜೊತೆಗೆ ಹಿಂದಿ ಕಲಿಯಿರಿ, ಏಕೆಂದರೆ ಫೌಂಡ್ರಿಗಳಲ್ಲೂ ಕಟ್ಟಡಗಳಲ್ಲೂ ಬಿಹಾರ, ಒಡಿಶಾದವರು ದುಡಿಯುತ್ತಿದ್ದಾರೆ, ಕನ್ನಡದ ಎಚ್ಚರಿಕೆ ಫಲಕ ಅವರಿಗೆ ಗೋಡೆಯ ಚಿತ್ತಾರ. ಊರಿನವರಾಗಿರುವುದರ ಲಾಭ ಭಾಷೆಗಷ್ಟೇ ನಿಲ್ಲುವುದಿಲ್ಲ. ಆಯುಧಪೂಜೆಗೆ ಯಂತ್ರ ತೊಳೆಯಲು ಬೆಲ್ಟ್ ಗಾರ್ಡುಗಳನ್ನು ಬಿಚ್ಚುತ್ತಾರೆ, ಕುಂಕುಮ ಹಚ್ಚುತ್ತಾರೆ, ಪುರಿ ಹಂಚುತ್ತಾರೆ. ಹಬ್ಬ ಮುಗಿದು ಯಂತ್ರ ಓಡುವಾಗ ಗಾರ್ಡುಗಳು ಮೂಲೆಯಲ್ಲೇ ಇರುತ್ತವೆ. ಹೊರಗಿನ ಲೆಕ್ಕಪರಿಶೋಧಕರ ಪಟ್ಟಿಯಲ್ಲಿ ಆ ದಿನಾಂಕ ಇರುವುದಿಲ್ಲ, ಇಲ್ಲಿಯವನಿಗೆ ಗೊತ್ತಿರುತ್ತದೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ಬ್ಯಾಡ್ಜು, ಘೋಷಣೆ ಬರೆಯುವ ಸ್ಪರ್ಧೆ ಎಲ್ಲ ಇರಲಿ. ನಾನಾಗಿದ್ದರೆ ವಿಜಯದಶಮಿಯ ಮರುದಿನ ಬೆಳಗ್ಗೆ ಮೊದಲ ಪಾಳಿಗೇ ಗಾರ್ಡು ಎಣಿಸಲು ಹೋಗುತ್ತಿದ್ದೆ.

ಕೊನೆಯ ಭಾಗ, ಸಂಬಳ ಕೊಡುವವರು ಯಾರು ಎಂಬುದು. ಸಣ್ಣ ಘಟಕದ ಮಾಲೀಕ ಪೂರ್ಣಾವಧಿ ಅಧಿಕಾರಿಯನ್ನು ಇಟ್ಟುಕೊಳ್ಳಲಾರ, ಅದು ನೆಪವೇನೂ ಅಲ್ಲ. ಆದರೆ ಅವನು ಈಗಾಗಲೇ ಬಿಡಿಬಿಡಿಯಾಗಿ ಹಣ ಕೊಡುತ್ತಿದ್ದಾನೆ. ಕ್ರೇನು, ಚೈನ್ ಪುಲ್ಲಿಗಳನ್ನು ಹನ್ನೆರಡು ತಿಂಗಳಿಗೊಮ್ಮೆ, ಒತ್ತಡದ ಪಾತ್ರೆಗಳನ್ನು ನಿಗದಿತ ಅವಧಿಗೊಮ್ಮೆ ಸರ್ಕಾರ ಮಾನ್ಯ ಮಾಡಿದ ಸಕ್ಷಮ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು. ಹೊರರಾಷ್ಟ್ರದ ವಾಹನ ಕಂಪನಿಗೆ ಮಾಲು ಕಳಿಸುವ ಫೌಂಡ್ರಿ ಆ ಗ್ರಾಹಕನ ಆಡಿಟ್‌ಗೆ ಕಾಗದ ಸಿದ್ಧ ಮಾಡಬೇಕು. ಧೂಳು, ಸದ್ದು ಅಳೆಸಬೇಕು. ಇವಕ್ಕೆಲ್ಲ ಬೆಂಗಳೂರಿನಿಂದ ಜನ ಬರುತ್ತಾರೆ, ಕಾರು ಬಾಡಿಗೆ, ಹೋಟೆಲು ಖರ್ಚು ಸೇರಿ ಬಿಲ್ಲಾಗುತ್ತದೆ. ಅದೇ ಹಣವನ್ನು ಎಂಟು ಹತ್ತು ಘಟಕಗಳು ಕೂಡಿಸಿದರೆ ಒಬ್ಬ ಪದವೀಧರ ಅಧಿಕಾರಿ, ಅವನಿಗೊಬ್ಬ ಸಹಾಯಕ, ಧೂಳು ಮತ್ತು ಸದ್ದು ಅಳೆಯುವ ಒಂದು ಜೊತೆ ಉಪಕರಣ ಊರಿನಲ್ಲೇ ಇರುತ್ತವೆ. ಕಾನೂನು ಕಡ್ಡಾಯ ಮಾಡದಿರುವುದರಿಂದ ಹಂಚಿಕೊಳ್ಳಲು ಅಡ್ಡಿಯೂ ಇಲ್ಲ.

ಮಾಚೇನಹಳ್ಳಿಯ ಉದ್ಯಮಿಗಳ ಮುಂದೆ ಈ ಸಭೆಯ ಮೂಲಕ ಇಡುವ ಪ್ರಸ್ತಾಪ ಇದು. ಒಂದು ವರ್ಷಕ್ಕೆ ಶುರುಮಾಡಿ. ವಿಐಎಸ್‌ಎಲ್ ಮತ್ತು ಕಾಗದ ಕಾರ್ಖಾನೆಯಿಂದ ನಿವೃತ್ತರಾಗಿ ಜನ್ನಾಪುರದಲ್ಲೋ ನ್ಯೂಟೌನಿನಲ್ಲೋ ಬೆಳಗಿನ ವಾಕಿಂಗ್ ಮಾಡುತ್ತಿರುವ ಫೋರ್‌ಮನ್ನರು ಇನ್ನೂ ಗಟ್ಟಿಯಾಗಿದ್ದಾರೆ; ಅವರಲ್ಲಿ ಇಬ್ಬರನ್ನು ಹೊಸ ಅಧಿಕಾರಿಯ ಜೊತೆ ವಾರಕ್ಕೆರಡು ದಿನ ಕಳಿಸಿ, ಗೌರವಧನ ಕೊಡಿ. ಮೊದಲ ತಿಂಗಳು ಅವರು ಯಾವ ತರಬೇತಿಯನ್ನೂ ನಡೆಸುವುದು ಬೇಡ, ಫಲಕವನ್ನೂ ಹಾಕುವುದು ಬೇಡ. ಪ್ರತಿ ಘಟಕದ ಪ್ರಥಮ ಚಿಕಿತ್ಸೆಯ ಪುಸ್ತಕ ತೆಗೆದು, ಕಳೆದ ಎರಡು ವರ್ಷಗಳಲ್ಲಿ ಯಾರ ಯಾವ ಬೆರಳಿಗೆ ಯಾವ ಯಂತ್ರದ ಮುಂದೆ ಯಾವ ಪಾಳಿಯಲ್ಲಿ ಗಾಯವಾಯಿತು ಎಂದು ಬರೆದುಕೊಳ್ಳಲಿ. ಪುಸ್ತಕವೇ ಇಲ್ಲದ ಕಡೆ ಹತ್ತಿರದ ಕ್ಲಿನಿಕ್ಕಿನ ಕಾಂಪೌಂಡರನ್ನು ಕೇಳಲಿ, ಅವರಿಗೆ ಎಲ್ಲ ನೆನಪಿರುತ್ತದೆ. ಆ ಪಟ್ಟಿ ಹಿಡಿದುಕೊಂಡು ಎರಡನೆಯ ತಿಂಗಳು ಮಾಲೀಕರ ಮುಂದೆ ಕೂರಲಿ. ಈ ಕೆಲಸಕ್ಕೆ ಮುಂದೆ ಬರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ವೇದಿಕೆಯ ಎಡಬದಿಯಲ್ಲಿ ಹೆಸರು ಬರೆಸಬಹುದು. ಉದ್ಯಮಿಗಳೂ ಬರೆಸಬಹುದು, ಅವರಿಗಾಗಿ ಬೇರೆ ಹಾಳೆ ಇಟ್ಟಿದ್ದೇನೆ.